ಯಾವ ಕಡೆಯ ಎಂಜಿನ್? ಹಾರುವ ವಿಮಾನದಲ್ಲಿ ದೋಷ ಹುಡುಕುವ ಬಗೆ

ನನ್ನ ಸೋದರಮಾವನ ಲಾರಿ ಗ್ಯಾರೇಜು ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದಲ್ಲಿದೆ. ಅಲ್ಲಿ ಯಾರೂ ಎಡಗಡೆ, ಬಲಗಡೆ ಅನ್ನುವುದಿಲ್ಲ. ಡ್ರೈವರ್ ಸೈಡ್, ಕ್ಲೀನರ್ ಸೈಡ್, ಅಷ್ಟೆ. ಕೆಲಸದ ಹುಡುಗ ಲಾರಿ ಮುಂದೆ ನಿಂತಿರಲಿ, ಹಿಂದೆ ನಿಂತಿರಲಿ, ಅಡಿಯಲ್ಲಿ ಅಂಗಾತ ಮಲಗಿರಲಿ, “ಕ್ಲೀನರ್ ಸೈಡ್ ಡ್ರಮ್ ಬಿಚ್ಚೋ” ಅಂದರೆ ಅವನ ಕೈ ಹೋಗುವುದು ಒಂದೇ ಡ್ರಮ್ಮಿಗೆ. ನಾನು ಬೆಂಗಳೂರಿನಲ್ಲಿ ವಿಮಾನ ರಿಪೇರಿ ಕೆಲಸದಲ್ಲಿದ್ದೇನೆ, ಎಎಂಇ ಅಂತಾರಲ್ಲ, ಅದು. ಮಾವನ ಗ್ಯಾರೇಜಿನ ಈ ಒಂದು ಪದ್ಧತಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ.

2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತ ಆದ ಮೇಲೆ ಊರಿಗೆ ಬಂದಾಗಲೆಲ್ಲ ಇದೇ ಮಾತು. ಆ ದುರಂತದ ಕಾರಣದ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ. ಆದರೆ ಗ್ಯಾರೇಜಿಗೆ ಬಂದಿದ್ದ ಒಬ್ಬ ಡ್ರೈವರ್ ಅಣ್ಣ ಚಹಾ ಕುಡಿಯುತ್ತಾ ಕೇಳಿದ ಪ್ರಶ್ನೆ ತಲೆಯಲ್ಲೇ ಉಳಿಯಿತು. “ನಮ್ದಾದ್ರೆ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿ ನೋಡ್ತೀವಿ. ಮೇಲೆ ಎಂಜಿನ್ ಕೆಟ್ರೆ ಅವರು ಎಲ್ಲಿಗೆ ಹಾಕ್ತಾರೆ?” ಅವನಿಗೆ ಅವತ್ತು ಅರ್ಧಂಬರ್ಧ ಹೇಳಿದ್ದೆ. ಪೂರ್ತಿ ಉತ್ತರ ಇಲ್ಲಿದೆ. ಪೈಲಟ್‌ಗಳಿಗೆ ಅವರವರ ವಿಮಾನದ ಕೈಪಿಡಿ ಇದೆ, ಅವರು ನಡೆಯುವುದು ಅದರಂತೆಯೇ. ಇದು ಕಿಟಕಿ ಪಕ್ಕ ಕೂರುವವರಿಗೆ, ಈ ಕೆಲಸ ಕಲಿಯಬೇಕು ಅಂತಿರುವ ನಮ್ಮೂರಿನ ಹುಡುಗ ಹುಡುಗಿಯರಿಗೆ.

ಮೊದಲು ಭಯದ ಲೆಕ್ಕ

ಎರಡು ಎಂಜಿನ್ ಇರುವ ಪ್ರಯಾಣಿಕ ವಿಮಾನ ಒಂದೇ ಎಂಜಿನ್ನಿನಲ್ಲಿ ಹಾರುತ್ತದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಹಾಗೆ ಹಾರಿ ತೋರಿಸದೆ ಅದಕ್ಕೆ ಪ್ರಮಾಣಪತ್ರವೇ ಸಿಗುವುದಿಲ್ಲ. ರನ್‌ವೇ ಮೇಲೆ ಓಡುವಾಗ ವಿ1 ಅನ್ನುವ ಒಂದು ವೇಗ ಇರುತ್ತದೆ. ಅದಕ್ಕಿಂತ ಮೊದಲು ಎಂಜಿನ್ ಕೈಕೊಟ್ಟರೆ ಬ್ರೇಕ್ ಹಾಕುತ್ತಾರೆ. ಅದು ದಾಟಿದ ಮೇಲೆ ಕೈಕೊಟ್ಟರೆ ನಿಲ್ಲಿಸಲು ಹೋಗುವುದಿಲ್ಲ, ಉಳಿದ ಒಂದರಲ್ಲೇ ಮೇಲೇರುತ್ತಾರೆ, ಏಕೆಂದರೆ ಆಗ ನಿಲ್ಲಲು ರನ್‌ವೇ ಸಾಲದೆ ಹೋಗಬಹುದು ಆದರೆ ಏರಲು ಒಂದು ಎಂಜಿನ್ ಸಾಕು. 35,000 ಅಡಿಯಲ್ಲಿ ಒಂದು ನಿಂತರೆ ಅದೇ ಎತ್ತರದಲ್ಲಿ ಉಳಿಯಲು ಆಗುವುದಿಲ್ಲ. ನಿಧಾನವಾಗಿ ಕೆಳಗಿಳಿದು, ತೂಕ ನೋಡಿಕೊಂಡು 20,000 ಅಡಿ ಆಸುಪಾಸಿನಲ್ಲಿ ಹಾರುತ್ತಾ ಹೋಗುತ್ತದೆ.

ಎರಡೂ ನಿಂತರೆ? ಆಗಲೂ ಕಲ್ಲಿನ ಹಾಗೆ ಬೀಳುವುದಿಲ್ಲ. ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಹತ್ತಿರ ಹತ್ತಿರ 15 ಕಿಲೋಮೀಟರ್ ಮುಂದೆ ತೇಲುತ್ತದೆ. ದಾವಣಗೆರೆ ನೆತ್ತಿಯ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೀಗಾಯಿತು ಅಂತಿಟ್ಟುಕೊಳ್ಳಿ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಇಲ್ಲಿಂದ ನೇರ ಗೆರೆ ಎಳೆದರೆ ಸುಮಾರು 75 ಕಿಲೋಮೀಟರ್. 2023ರಲ್ಲಿ ಶುರುವಾದದ್ದು, 3,200 ಮೀಟರ್ ಉದ್ದದ ರನ್‌ವೇ. ಗಾಳಿ, ತಿರುವು ಎಲ್ಲ ಕಳೆದರೂ ಅಲ್ಲಿಗೆ ಮುಟ್ಟುವ ಲೆಕ್ಕ ಕೈಯಲ್ಲಿರುತ್ತದೆ. 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767ಕ್ಕೆ 41,000 ಅಡಿಯಲ್ಲಿ ಇಂಧನವೇ ಮುಗಿಯಿತು. ತುಂಬುವಾಗ ಕಿಲೋ ಮತ್ತು ಪೌಂಡ್ ಲೆಕ್ಕ ಅದಲುಬದಲಾಗಿತ್ತು. ಅದು ತೇಲಿಕೊಂಡೇ ಬಂದು ಗಿಮ್ಲಿ ಅನ್ನುವ ಹಳೆಯ ವಾಯುನೆಲೆಯಲ್ಲಿ ಇಳಿಯಿತು, ಎಲ್ಲರೂ ಬದುಕಿದರು.

ಹಾಗಾಗಿ ಎಂಜಿನ್ ನಿಂತ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ನಿಂತದ್ದು ಯಾವುದು ಅಂತ ಸರಿಯಾಗಿ ಗುರುತಿಸದೆ ಅವಸರದಲ್ಲಿ ಕೈ ಹಾಕಿದಾಗ ಜೀವ ಹೋಗಿದೆ. ಈ ಬರಹದ ಉದ್ದಕ್ಕೂ ನಾನು ಹೇಳಬೇಕಾಗಿರುವುದು ಇದೇ.

ದೋಷವೇ ಅಲ್ಲದ ಸದ್ದುಗಳು

ಹೆದರಿಸುವ ಬಹಳಷ್ಟು ಸದ್ದುಗಳಿಗೂ ಎಂಜಿನ್ ದೋಷಕ್ಕೂ ಸಂಬಂಧವೇ ಇಲ್ಲ. ಹಾರಿದ ಸ್ವಲ್ಪ ಹೊತ್ತಿಗೆ, ಸುಮಾರು 1,500 ಅಡಿಯ ಹತ್ತಿರ, ಎಂಜಿನ್ ಸದ್ದು ಗಕ್ಕನೆ ಇಳಿಯುತ್ತದೆ, ಹೊಟ್ಟೆಯಲ್ಲಿ ಜೋಕಾಲಿ ಇಳಿದಂತಾಗುತ್ತದೆ. ಎಂಜಿನ್ ನಿಂತೇ ಹೋಯಿತು ಅಂತ ನನ್ನ ಚಿಕ್ಕಮ್ಮ ಪಕ್ಕದವರ ಕೈ ಹಿಡಿದುಕೊಂಡಿದ್ದರಂತೆ. ಅದು ಟೇಕಾಫ್ ಶಕ್ತಿಯಿಂದ ಏರುವ ಶಕ್ತಿಗೆ ಇಳಿಸಿದ್ದು, ಪ್ರತಿ ಸಲ ಮಾಡುವುದೇ. ಏರ್‌ಬಸ್ ಎ320ಯಲ್ಲಿ ಕಾಲಡಿಯಿಂದ ನಾಯಿ ಬೊಗಳಿದ ಹಾಗೆ “ವ್ಹೂಫ್ ವ್ಹೂಫ್” ಅಂತ ಕೇಳಿದರೆ ಅದು ಪಿಟಿಯು, ಒಂದು ಹೈಡ್ರಾಲಿಕ್ ಲೈನಿನ ಒತ್ತಡವನ್ನು ಇನ್ನೊಂದಕ್ಕೆ ದಾಟಿಸುವ ಪಂಪು. ಅಡಿಯಲ್ಲಿ ದಡ್ ಅಂದರೆ ಚಕ್ರ ಒಳಗೆ ಹೋಗಿದೆ ಅಂತ.

ಇವೆಲ್ಲ ಇಲ್ಲದೆ ಪಟಾಕಿ ಸಿಡಿದಂತೆ ಢಂ ಢಂ ಅಂದು, ಸೀಟು ನಡುಗಿ, ಮೂಗು ಒಂದು ಕಡೆ ಎಳೆದರೆ, ಆಗ ನಿಜವಾಗಿ ಏನೋ ಆಗಿದೆ.

ಮೊದಲು ಹಾರಿಸು

ವಿಮಾನದವರ ಬಾಯಲ್ಲಿ ಒಂದು ಕ್ರಮ ಇದೆ. ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ದೋಷ ಹುಡುಕುವುದು ಈ ಮೂರರಲ್ಲಿ ಮೊದಲನೆಯದು ಕೈಗೆ ಸಿಕ್ಕ ಮೇಲೆ.

ಜೋಡೆತ್ತಿನ ಗಾಡಿ ಹೊಡೆದವರಿಗೆ ಇದು ಬೇಗ ಅರ್ಥ ಆಗುತ್ತದೆ. ಬಲಗಡೆಯ ಎತ್ತು ನಿಂತುಬಿಟ್ಟರೆ ಎಡಗಡೆಯದು ಎಳೆಯುತ್ತಲೇ ಇರುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ವಿಮಾನವೂ ಹಾಗೇ, ಸತ್ತ ಎಂಜಿನ್ ಕಡೆಗೆ ಮೂಗು ತಿರುಗಿಸುತ್ತದೆ. ಪೈಲಟ್ ತಕ್ಷಣ ಎದುರು ಕಡೆಯ ಪೆಡಲ್ ಒತ್ತಿ ನೇರ ಮಾಡುತ್ತಾರೆ. ಬಲ ಎಂಜಿನ್ ನಿಂತಿದ್ದರೆ ಎಡಗಾಲು ಗಟ್ಟಿಯಾಗಿ ಒತ್ತಿರುತ್ತದೆ, ಬಲಗಾಲಿಗೆ ಕೆಲಸವೇ ಇರುವುದಿಲ್ಲ. ಅದರಿಂದಲೇ ಒಂದು ಹಳೆಯ ಪಾಠ ಬಂದಿದೆ, ಯಾವ ಕಾಲು ಸುಮ್ನೆ ಇದೆಯೋ ಆ ಕಡೆಯ ಎಂಜಿನ್ ಸತ್ತಿದೆ ಅಂತ. ಯಾವ ಗೇಜೂ ನೋಡುವ ಮೊದಲೇ ಪೈಲಟ್ ಕಾಲು ಒಂದು ಸಾಕ್ಷಿ ಹೇಳಿರುತ್ತದೆ. ಇದನ್ನು ಮೊದಲ ಸಾಕ್ಷಿ ಅಂತ ಬರೆದುಕೊಳ್ಳಿ. ಆದರೆ ಒಂದೇ ಸಾಕ್ಷಿ.

ಟೇಕಾಫ್ ಆದ ಕೂಡಲೇ ಆದರೆ ಇನ್ನೂ ಒಂದು ಶಿಸ್ತು ಇದೆ. ಎ320ಯಲ್ಲಿ ಸುಮಾರು 400 ಅಡಿ ಏರುವವರೆಗೆ ಚಕ್ರ ಒಳಗೆ ಎತ್ತುವುದು, ಅಲಾರಂ ಬಾಯಿ ಮುಚ್ಚಿಸುವುದು ಇಂಥ ಒಂದೆರಡು ಬಿಟ್ಟು ಎಂಜಿನ್ ಸ್ವಿಚ್ಚುಗಳನ್ನು ಯಾರೂ ಮುಟ್ಟುವುದಿಲ್ಲ. ಕೆಂಪು ದೀಪ ಉರಿಯುತ್ತಿರುತ್ತದೆ, ಗಂಟೆ ಹೊಡೆಯುತ್ತಿರುತ್ತದೆ, ಆದರೂ ಕಾಯುತ್ತಾರೆ. ಎಂಜಿನ್ನಿಗೆ ಬೆಂಕಿ ಬಿದ್ದಿದ್ದರೂ ಅಷ್ಟೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಎಂಜಿನ್ ಇರುವುದು ರೆಕ್ಕೆಯ ಕೆಳಗೆ, ನಮ್ಮಿಂದ ದೂರ, ಅದಕ್ಕೂ ರೆಕ್ಕೆಗೂ ನಡುವೆ ಬೆಂಕಿ ತಡೆಯುವ ಗೋಡೆ ಇದೆ. ಆ ಕೆಲವು ಸೆಕೆಂಡು ಕಾಯಲು ಸಮಯ ಇದೆ. ತಪ್ಪು ಎಂಜಿನ್ ನಿಲ್ಲಿಸಿಬಿಟ್ಟರೆ ಅದನ್ನು ಸರಿಪಡಿಸಲು 400 ಅಡಿಯಲ್ಲಿ ಸಮಯ ಇರುವುದಿಲ್ಲ.

ಲಕ್ಷಣ ಓದುವುದು

ಈಗ ಗೇಜುಗಳು. ಎನ್‌1 ಅಂದರೆ ಮುಂದೆ ಕಾಣುವ ದೊಡ್ಡ ಫ್ಯಾನಿನ ವೇಗ. ಎನ್‌2 ಅಂದರೆ ಒಳಗಿನ ಕೋರ್ ತಿರುಗುವ ವೇಗ. ಇಜಿಟಿ ಅಂದರೆ ಹಿಂದೆ ಬರುವ ಬಿಸಿಗಾಳಿಯ ಉಷ್ಣತೆ. ಇವುಗಳ ಜೊತೆ ಇಂಧನ ಎಷ್ಟು ಹರಿಯುತ್ತಿದೆ, ಆಯಿಲ್‌ನ ಒತ್ತಡ, ಬಿಸಿ, ಪ್ರಮಾಣ, ಮತ್ತೆ ಕಂಪನ. ಯಾವುದನ್ನೂ ಒಂಟಿಯಾಗಿ ಓದಬಾರದು.

ಎನ್‌2, ಇಜಿಟಿ ಎರಡೂ ಸದ್ದಿಲ್ಲದೆ ಒಟ್ಟಿಗೆ ಕೆಳಗೆ ಜಾರಿದರೆ ಒಳಗಿನ ಬೆಂಕಿ ಆರಿದೆ, ಫ್ಲೇಮೌಟ್. ಮಳೆ, ಇಂಧನ, ಜ್ವಾಲಾಮುಖಿಯ ಬೂದಿ, ಏನೋ ಒಂದು. ಎಂಜಿನ್ ಬಹುಶಃ ಗಟ್ಟಿಯಾಗಿಯೇ ಇದೆ, ಮತ್ತೆ ಹೊತ್ತಿಸಿ ನೋಡಬಹುದು. ಇಜಿಟಿ ಏರುತ್ತಾ ಎನ್‌1 ಕುಣಿಯುತ್ತಾ ಢಂ ಢಂ ಅಂತ ಸದ್ದು, ಹಿಂದಿನಿಂದಲೋ ಮುಂದಿನಿಂದಲೋ ಬೆಂಕಿ ನಾಲಿಗೆ ಕಂಡರೆ ಅದು ಸರ್ಜ್, ಒಳಗೆ ಹೋಗಬೇಕಾದ ಗಾಳಿ ಉಸಿರು ಸಿಕ್ಕಿಕೊಂಡು ವಾಪಸ್ ಬರುತ್ತಿದೆ. ಎಂಜಿನ್ ಶಕ್ತಿ ಏರಿಸಿ ಇಳಿಸುವ ಥ್ರಸ್ಟ್ ಲಿವರ್ ಹಿಂದಕ್ಕೆ ತಂದರೆ ಎಷ್ಟೋ ಸಲ ತಾನೇ ಸುಧಾರಿಸುತ್ತದೆ, ಆಮೇಲೆ ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡುತ್ತಾರೆ. ದೊಡ್ಡ ಸದ್ದಾಗಿ, ವಿಮಾನ ಗಡಗಡ ನಡುಗಿ, ಎನ್‌1 ಅಥವಾ ಎನ್‌2 ಸೊನ್ನೆಗೆ ಬಂದು ಕೂತರೆ ಒಳಗೆ ಮುರಿದಿದೆ. ಅದನ್ನು ಮತ್ತೆ ಹೊತ್ತಿಸುವ ಮಾತೇ ಇಲ್ಲ.

ಇಲ್ಲಿ ಸೊನ್ನೆ ಅನ್ನುವುದು ಯಾಕೆ ಮುಖ್ಯ ಅಂತ ನೋಡಲು ಚಿತ್ರದುರ್ಗದ ಜೋಗಿಮಟ್ಟಿ ಕಡೆ ಹೋಗಿ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿವೆಯಲ್ಲ. ಒಳಗೆ ಬೆಂಕಿ ಆರಿದ ಜೆಟ್ ಎಂಜಿನ್ ಆಕಾಶದಲ್ಲಿ ಅದೇ ಕೆಲಸ ಮಾಡುತ್ತದೆ. ಎದುರುಗಾಳಿಗೆ ಫ್ಯಾನು ತಿರುಗುತ್ತಲೇ ಇರುತ್ತದೆ, ಇದಕ್ಕೆ ನಮ್ಮ ಭಾಷೆಯಲ್ಲೂ ವಿಂಡ್‌ಮಿಲ್ಲಿಂಗ್ ಅಂತಲೇ ಹೆಸರು. ಹಾಗೆ ತಿರುಗುತ್ತಿದ್ದರೆ ಬೇರಿಂಗ್ ಸರಿ ಇದೆ ಅಂತ ಒಂದು ಸುಳಿವು. ಗಂಟೆಗೆ ನೂರಾರು ಕಿಲೋಮೀಟರ್ ಗಾಳಿಯಲ್ಲೂ ಅಲ್ಲಾಡದೆ ನಿಂತಿದ್ದರೆ ಸಿಕ್ಕಿಬಿದ್ದಿದೆ ಅಂತಲೇ ಅರ್ಥ. ಅದೇ ಗುಡ್ಡದಲ್ಲಿ ಇನ್ನೊಂದನ್ನೂ ನೋಡಬಹುದು. ಗಾಳಿ ಬೀಸುತ್ತಿದ್ದರೂ ಕೆಲವು ಯಂತ್ರ ನಿಂತಿರುತ್ತವೆ, ಹತ್ತಿರ ಹೋಗಿ ನೋಡಿದರೆ ಅದರ ರೆಕ್ಕೆ ಗಾಳಿಗೆ ಮುಖ ಕೊಡದೆ ಅಂಚು ಕೊಟ್ಟಿರುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಶಿವಮೊಗ್ಗಕ್ಕೆ ಓಡುವ ಎಟಿಆರ್ ವಿಮಾನದ ಪ್ರೊಪೆಲ್ಲರ್ ಕೂಡ ಎಂಜಿನ್ ಕೈಕೊಟ್ಟಾಗ ಹೀಗೇ ಅಂಚು ತಿರುಗಿಸಿಕೊಳ್ಳುತ್ತದೆ. ಅದಕ್ಕೆ ಫೆದರ್ ಅಂತಾರೆ. ಹಾಗೆ ಮಾಡದಿದ್ದರೆ ಆ ಪ್ರೊಪೆಲ್ಲರ್ ಗಾಳಿಗೆ ಬಾಗಿಲು ಅಡ್ಡ ಹಿಡಿದ ಹಾಗೆ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ.

ಒಂದು ಗೇಜು ಸಾಕ್ಷಿಯಲ್ಲ

ಆಯಿಲ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ದೋಷ ಹುಡುಕುವ ಬುದ್ಧಿ ಎಲ್ಲ ಅದರಲ್ಲೇ ಇದೆ.

“ಆಯಿಲ್ ಒತ್ತಡ ಕಡಿಮೆ” ಅಂತ ಕೆಂಪು ಎಚ್ಚರಿಕೆ ಬಂತು. ಎಂಜಿನ್ ಆರಿಸಬೇಕಾ? ಎ320ಯ ಕ್ರಮ ಮೊದಲು ಒತ್ತಡದ ಗೇಜು ನೋಡು ಅನ್ನುತ್ತದೆ. ಎಚ್ಚರಿಕೆ ಕೊಡುವ ಸ್ವಿಚ್ ಬೇರೆ, ಗೇಜಿಗೆ ಅಂಕಿ ಕಳಿಸುವ ಸೆನ್ಸರ್ ಬೇರೆ. ಎರಡೂ ಒಂದೇ ಮಾತು ಹೇಳಿದರೆ ಎಂಜಿನ್ ಆರಿಸುತ್ತಾರೆ. ಸ್ವಿಚ್ ಕೂಗುತ್ತಿದೆ, ಗೇಜಿನ ಒತ್ತಡ ಸರಿ ಇದೆ ಅಂದರೆ ಎಂಜಿನ್ ಓಡಲಿ, ಕಣ್ಣಿಟ್ಟಿರಿ. ಅದರ ಜೊತೆಗೆ ಆಯಿಲ್ ಪ್ರಮಾಣ ಇಳಿಯುತ್ತಿದೆಯಾ, ಬಿಸಿ ಏರುತ್ತಿದೆಯಾ ನೋಡಿ. ನಿಜವಾಗಿ ಆಯಿಲ್ ಸೋರುತ್ತಿದ್ದರೆ ಉಳಿದ ಸ್ವಲ್ಪ ಆಯಿಲ್ ಜಾಸ್ತಿ ಕಾಯುತ್ತದೆ, ಪ್ರಮಾಣ ಇಳಿಯುತ್ತದೆ, ಒತ್ತಡ ತೂಗಾಡುತ್ತದೆ. ಮೂರೂ ಒಂದೇ ಕಥೆ ಹೇಳುತ್ತವೆ. ಒತ್ತಡದ ಅಂಕಿ ಒಂದೇ ದಿಢೀರನೆ ಸೊನ್ನೆಗೆ ಬಿದ್ದು ಉಳಿದದ್ದೆಲ್ಲ ನೆಟ್ಟಗಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ವೈರಿಗೆ.

ಬೆಂಕಿ ಪತ್ತೆ ಮಾಡುವ ವ್ಯವಸ್ಥೆಯಲ್ಲಿ ಈ ನಿಯಮವನ್ನು ಯಂತ್ರದೊಳಗೇ ಕೂರಿಸಿದ್ದಾರೆ. ಪ್ರತಿ ಎಂಜಿನ್ನಿಗೆ ಬಿಸಿ ಗುರುತಿಸುವ ಎ, ಬಿ ಅಂತ ಎರಡು ಲೂಪ್ ಸುತ್ತಿರುತ್ತದೆ. ಎರಡೂ ಬಿಸಿ ಕಂಡರೆ ಮಾತ್ರ ಬೆಂಕಿಯ ಗಂಟೆ ಹೊಡೆಯುತ್ತದೆ. ಒಂದು ಕೆಟ್ಟಿದೆ ಅಂತ ಗೊತ್ತಿದ್ದರೆ ಉಳಿದ ಒಂದರ ಮಾತು ಸಾಕು. ಇನ್ನೂ ಚೆನ್ನಾಗಿರುವುದು ಇದು: ಎರಡು ಲೂಪೂ ಐದು ಸೆಕೆಂಡಿನೊಳಗೆ ಒಟ್ಟಿಗೆ ಕೆಟ್ಟರೆ ಅದನ್ನೂ ಬೆಂಕಿ ಅಂತಲೇ ಎಣಿಸುತ್ತದೆ. ಎರಡು ಲೂಪು ಅಷ್ಟು ಹತ್ತಿರದಲ್ಲಿ ತಾವಾಗಿಯೇ ಸಾಯುವುದಿಲ್ಲ, ಜ್ವಾಲೆ ತಿಂದಿರಬೇಕು. ಇದನ್ನು ಯೋಚಿಸಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

1989ರ ಜನವರಿ 8

ಈ ದಿನವನ್ನು ನಾನು ಹೊಸದಾಗಿ ಸೇರುವ ಹುಡುಗರಿಗೆಲ್ಲ ಹೇಳುತ್ತೇನೆ. ಲಂಡನ್ನಿನ ಹೀಥ್ರೂನಿಂದ ಬೆಲ್‌ಫಾಸ್ಟ್‌ಗೆ ಹೊರಟಿದ್ದ ಬೋಯಿಂಗ್ 737-400. ಒಳಗೆ 126 ಜನ. 28,000 ಅಡಿ ದಾಟಿ ಏರುತ್ತಿರುವಾಗ ಎಡ ಎಂಜಿನ್ನಿನ ಫ್ಯಾನ್ ಬ್ಲೇಡ್ ಒಂದು ತುಂಡಾಯಿತು. ವಿಮಾನ ನಡುಗಿತು, ಕಾಕ್‌ಪಿಟ್‌ಗೆ ಸುಟ್ಟ ವಾಸನೆ ಬಂತು. ಪೈಲಟ್‌ಗಳು ಬಲ ಎಂಜಿನ್ ಅಂದುಕೊಂಡರು, ಬಲದ ಲಿವರನ್ನು ಹಿಂದಕ್ಕೆ ಎಳೆದರು.

ನಡುಕ ಕಡಿಮೆಯಾಯಿತು.

ಇಲ್ಲೇ ನಿಂತು ಯೋಚಿಸಿ. ಮದ್ದು ಹಾಕಿದೆವು, ನೋವು ಇಳಿಯಿತು, ಹಾಗಾದರೆ ಮದ್ದು ಸರಿ ಅಂತ ಯಾರಾದರೂ ಅಂದುಕೊಳ್ಳುತ್ತಾರೆ ಅಲ್ವಾ? ನಿಜವಾಗಿ ಆದದ್ದೇ ಬೇರೆ. ಅವರು ಆಟೊಥ್ರಾಟಲ್, ಅಂದರೆ ಎಂಜಿನ್ ಶಕ್ತಿಯನ್ನು ತಾನಾಗಿಯೇ ಹೊಂದಿಸುವ ವ್ಯವಸ್ಥೆ, ಬಿಡಿಸಿದ್ದರು. ಅದುವರೆಗೆ ಅದು ಕೆಟ್ಟ ಎಡ ಎಂಜಿನ್ನಿಗೂ ಇಂಧನ ಹೆಚ್ಚು ಹೆಚ್ಚು ಸುರಿಯುತ್ತಿತ್ತು. ಬಿಡಿಸಿದ ಕೂಡಲೇ ಆ ಒತ್ತಾಯ ನಿಂತು ಎಡ ಎಂಜಿನ್ ಸ್ವಲ್ಪ ತಣ್ಣಗಾಯಿತು. ಎಡ ಎಂಜಿನ್ನಿನ ಕಂಪನದ ಗೇಜು ಮೇಲಿನ ತುದಿ ಮುಟ್ಟಿ ನಿಂತಿತ್ತು, ಆದರೆ ಆ ಗೇಜು ಸಣ್ಣದು, ಯಾರ ಕಣ್ಣಿಗೂ ಬೀಳಲಿಲ್ಲ. ಬಲ ಎಂಜಿನ್ ಪೂರ್ತಿ ಆರಿಸಿದರು. ಇಳಿಯುವ ದಾರಿಯಲ್ಲಿ ಇನ್ನೊಮ್ಮೆ ಆದದ್ದನ್ನೆಲ್ಲ ಪರಿಶೀಲಿಸಲು ಶುರು ಮಾಡಿದ್ದರು, ಅಷ್ಟರಲ್ಲಿ ರೇಡಿಯೊದಲ್ಲಿ ಕರೆ ಬಂತು, ಮಾತು ಅಲ್ಲಿಗೇ ತುಂಡಾಯಿತು. ರನ್‌ವೇ ಕಣ್ಣ ಮುಂದೆ ಬಂದಾಗ, ಶಕ್ತಿ ಬೇಕು ಅಂತ ಲಿವರ್ ಮುಂದೆ ತಳ್ಳಿದಾಗ, ಎಡ ಎಂಜಿನ್ ಸಂಪೂರ್ಣ ಕೈಕೊಟ್ಟಿತು. ಕೆಗ್‌ವರ್ತ್ ಊರಿನ ಪಕ್ಕ ಹೆದ್ದಾರಿಯ ದಿಬ್ಬಕ್ಕೆ ಬಡಿಯಿತು. 47 ಜನ ಹೋದರು.

ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಬಲ ಎಂಜಿನ್ನಿಗೆ ತೊಂದರೆ ಆಗಿತ್ತು, ಆರಿಸಿದ್ದೇವೆ ಅಂತ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು. ಹಿಂದೆ ಕೂತಿದ್ದ ಎಷ್ಟೋ ಜನ ಎಡ ಎಂಜಿನ್ನಿನಿಂದ ಕಿಡಿ ಬಂದದ್ದನ್ನು ಕಣ್ಣಾರೆ ಕಂಡಿದ್ದರು, ಕ್ಯಾಬಿನ್ ಸಿಬ್ಬಂದಿಯಲ್ಲೂ ಕೆಲವರು ಕಂಡಿದ್ದರು. ಒಬ್ಬರೂ ಹೋಗಿ “ಎಡಗಡೆ ಅಲ್ವಾ?” ಅಂತ ಕೇಳಲಿಲ್ಲ. ಪೈಲಟ್‌ಗಳಿಗೆ ಗೊತ್ತಿರುತ್ತದೆ ಬಿಡು ಅಂದುಕೊಂಡರು.

26 ವರ್ಷದ ಮೇಲೆ, 2015ರ ಫೆಬ್ರವರಿ 4ರಂದು, ತೈಪೆಯಲ್ಲಿ ಎಟಿಆರ್ 72-600 ಒಂದಕ್ಕೆ ಅದೇ ಆಯಿತು. ಹಾರಿದ ಕೂಡಲೇ ಎರಡನೇ ಎಂಜಿನ್ನಿನ ಪ್ರೊಪೆಲ್ಲರ್ ತಾನಾಗಿ ಫೆದರ್ ಆಯಿತು. ಪೈಲಟ್ ಹಿಂದಕ್ಕೆ ಎಳೆದು ಆರಿಸಿದ್ದು ಒಂದನೆಯದನ್ನು. ಮೂರೇ ನಿಮಿಷದಲ್ಲಿ ವಿಮಾನ ನದಿಗೆ ಬಿತ್ತು. 58 ಜನರಲ್ಲಿ 43 ಜನ ಸತ್ತರು. ಮುಟ್ಟದೆ ಬಿಟ್ಟಿದ್ದರೂ ಆ ಒಂದನೇ ಎಂಜಿನ್ ಅವರನ್ನು ಎತ್ತಿಕೊಂಡು ಹೋಗುತ್ತಿತ್ತು.

ಕೈ ಇಟ್ಟು ನಿಲ್ಲುವುದು

ಇಂಥವುಗಳಿಂದ ಗಟ್ಟಿಯಾದ ಪದ್ಧತಿ ಹೀಗಿದೆ. ಒಬ್ಬ ಪೈಲಟ್ ಒಂದು ಲಿವರಿನ ಮೇಲೆ ಕೈ ಇಡುತ್ತಾರೆ. ಎಳೆಯುವುದಿಲ್ಲ. “ಒಂದನೇ ಎಂಜಿನ್ ಥ್ರಸ್ಟ್ ಲಿವರ್” ಅಂತ ಬಾಯಿ ಬಿಟ್ಟು ಹೇಳುತ್ತಾರೆ. ಇನ್ನೊಬ್ಬರು ಆ ಕೈ ನೋಡಿ, ಗೇಜು ನೋಡಿ, ಸರಿ ಅನ್ನುತ್ತಾರೆ. ಆಗ ಕೈ ಚಲಿಸುತ್ತದೆ. ಇಂಧನ ಕಡಿಯುವ ಮಾಸ್ಟರ್ ಸ್ವಿಚ್ಚಿಗೂ ಇದೇ ಕ್ರಮ, ಬೆಂಕಿ ಬಟನ್ನಿಗೂ ಇದೇ. ಲಿವರ್ ಹಿಂದೆ ತಂದ ಮೇಲೆ ಒಂದು ಕ್ಷಣ ನೋಡುತ್ತಾರೆ, ಉಳಿದ ಎಂಜಿನ್ ನೆಟ್ಟಗಿದೆಯಾ, ಮೂಗಿನ ಎಳೆತ ನಾವು ಅಂದುಕೊಂಡ ಹಾಗೇ ಇದೆಯಾ ಅಂತ. ತಪ್ಪಿದ್ದರೆ ಇಲ್ಲಿ ಗೊತ್ತಾಗಬೇಕು. ಲಿವರ್ ಮತ್ತೆ ಮುಂದೆ ತಳ್ಳಬಹುದು, ಇಂಧನ ಕಡಿದ ಮೇಲೆ ಅಷ್ಟು ಸುಲಭ ಅಲ್ಲ.

ಬೆಂಕಿ ಬಟನ್ ಒತ್ತಿದರೆ ಒಂದೇ ಏಟಿಗೆ ಆ ಎಂಜಿನ್ನಿನ ಇಂಧನ, ಹೈಡ್ರಾಲಿಕ್, ಬಿಸಿಗಾಳಿ, ಜನರೇಟರ್ ಎಲ್ಲ ಕಡಿದುಹೋಗುತ್ತದೆ. ಹತ್ತು ಸೆಕೆಂಡು ಬಿಟ್ಟು ಮೊದಲ ಬಾಟಲಿಯ ಅನಿಲ ಬಿಡುತ್ತಾರೆ, ಫ್ಯಾನಿನ ವೇಗ ಇಳಿದರೆ ಅನಿಲ ಗಾಳಿಗೆ ಹಾರಿಹೋಗದೆ ಒಳಗೆ ನಿಲ್ಲುತ್ತದೆ ಅಂತ. ಮೂವತ್ತು ಸೆಕೆಂಡು ಕಳೆದರೂ ಬೆಂಕಿ ಇದೆ ಅಂದರೆ ಎರಡನೇ ಬಾಟಲಿ.

ವಿಚಿತ್ರ ಅಂಕಿಯನ್ನು ತಳ್ಳಿಹಾಕಬೇಡಿ

2001ರ ಆಗಸ್ಟ್ 24. ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್‌ಬಸ್ ಎ330, 306 ಜನ, ಅಟ್ಲಾಂಟಿಕ್ ನಡುವೆ. ಬಲ ಎಂಜಿನ್ನಿನಲ್ಲಿ ಆಯಿಲ್ ತೀರಾ ತಣ್ಣಗೆ, ಒತ್ತಡ ತೀರಾ ಜಾಸ್ತಿ ಅಂತ ತೋರಿಸಿತು. ಕೆಟ್ಟ ಎಂಜಿನ್ನಿನ ಆಯಿಲ್ ಬಿಸಿಯಾಗುತ್ತದೆ, ಇದೇನು ಉಲ್ಟಾ, ಗೇಜೇ ಸುಳ್ಳು ಇರಬೇಕು ಅಂದುಕೊಂಡರು. ಆಮೇಲೆ ಬಲ ರೆಕ್ಕೆಯ ಇಂಧನ ಕಡಿಮೆ ಅಂತ ಬಂತು. ಎಡದಿಂದ ಬಲಕ್ಕೆ ಹರಿಯಬಿಟ್ಟರು. ಬಲ ಎಂಜಿನ್ನಿನ ಇಂಧನ ಪೈಪು ಸೀಳಿತ್ತು. ಆಯಿಲನ್ನು ತಣಿಸುವುದು ಇಂಧನವೇ. ಸೋರಿಕೆಯಿಂದ ಇಂಧನ ರಭಸವಾಗಿ ಹರಿದದ್ದಕ್ಕೆ ಆಯಿಲ್ ತಣ್ಣಗಾಗಿತ್ತು. ಆ ವಿಚಿತ್ರ ಅಂಕಿ ನಿಜವನ್ನೇ ಹೇಳುತ್ತಿತ್ತು. ಎಡದ ಒಳ್ಳೆಯ ಇಂಧನವನ್ನೂ ಅದೇ ತೂತಿನಿಂದ ಸಮುದ್ರಕ್ಕೆ ಸುರಿದ ಹಾಗಾಯಿತು. ಎರಡೂ ಎಂಜಿನ್ ನಿಂತವು. 19 ನಿಮಿಷ, ಸುಮಾರು 120 ಕಿಲೋಮೀಟರ್ ತೇಲಿಕೊಂಡು ಅಜೋರ್ಸ್ ದ್ವೀಪದ ಲಾಜೆಸ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ಪೈಪು ಸೀಳಿದ್ದು ಎಂಜಿನ್ ಬದಲಿಸುವಾಗ ಹೊಂದದ ಭಾಗ ಹಾಕಿದ್ದರಿಂದ, ಎರಡು ಪೈಪು ಒಂದಕ್ಕೊಂದು ಉಜ್ಜಿ. ಅಂದರೆ ನನ್ನಂಥವರ ಕೈಯಿಂದ.

ಇದಕ್ಕೆ ಪರೀಕ್ಷೆ ಸರಳ. ಟ್ಯಾಂಕಿನಲ್ಲಿ ಉಳಿದದ್ದು, ಎಂಜಿನ್ ಸುಟ್ಟದ್ದು, ಎರಡೂ ಕೂಡಿಸಿದರೆ ಹೊರಡುವಾಗ ಇದ್ದಷ್ಟು ಬರಬೇಕು. ಬರದಿದ್ದರೆ ಸೋರುತ್ತಿದೆ. ಮೊತ್ತ ತಾಳೆಯಾಗುವವರೆಗೆ ಒಂದು ಕಡೆಯದನ್ನು ಇನ್ನೊಂದು ಕಡೆಗೆ ಹರಿಸಬಾರದು. ನಮ್ಮ ಲಾರಿ ಮಾಲೀಕರು ಡೀಸೆಲ್ ಕಳವು ಹಿಡಿಯುವುದೂ ಇದೇ ಲೆಕ್ಕದಿಂದ.

ಅಲಾರಂಗಳು ಒಂದರ ಮೇಲೊಂದು ಸುರಿದಾಗ ಏನು ಮಾಡಬೇಕು ಅನ್ನುವುದಕ್ಕೆ 2010ರ ನವೆಂಬರ್ 4ರಂದು ಸಿಂಗಪುರದಿಂದ ಹಾರಿದ ಎ380 ವಿಮಾನದ ಕಥೆ ಇದೆ. ಎಂಜಿನ್ ಸಿಡಿದು ರೆಕ್ಕೆಯನ್ನೇ ತೂತು ಮಾಡಿತ್ತು. ಏನೇನು ಕೆಟ್ಟಿದೆ ಅಂತ ಎಣಿಸುವುದನ್ನು ಕ್ಯಾಪ್ಟನ್ ನಿಲ್ಲಿಸಿದರು, ಏನೇನು ಇನ್ನೂ ಕೆಲಸ ಮಾಡುತ್ತಿದೆ ಅಂತ ಎಣಿಸಲು ಶುರು ಮಾಡಿದರು. 469 ಜನರೂ ನಡೆದುಕೊಂಡು ಇಳಿದರು.

ಉಳಿದದ್ದು ಬೇಗ ಹೇಳುತ್ತೇನೆ. ಎಂಜಿನ್ ಭದ್ರವಾದ ಮೇಲೆ ರೇಡಿಯೊದಲ್ಲಿ ಮೂರು ಸಲ ಮೇಡೇ ಅನ್ನುವ ಅಪಾಯದ ಕರೆ, ರೇಡಾರಿಗೆ ತುರ್ತು ಅಂತ ತಿಳಿಸುವ 7700 ಸಂಖ್ಯೆ, ಹತ್ತಿರದ ಸರಿಯಾದ ನಿಲ್ದಾಣದ ಕಡೆ ದಾರಿ. ಹತ್ತಿರದ್ದು ಅಂದರೆ ಬರೀ ದೂರ ಅಲ್ಲ, ರನ್‌ವೇ ಉದ್ದ, ಹವಾಮಾನ, ಅಗ್ನಿಶಾಮಕ ವಾಹನ ಎಲ್ಲ ನೋಡುತ್ತಾರೆ. ಇಳಿದ ಮೇಲೆ ಕೆಂಪು ಗಾಡಿಗಳು ಸುತ್ತುವರಿದರೆ ಗಾಬರಿ ಬೇಡ, ಕ್ರಮವೇ ಹಾಗೆ. ಇಳಿಯಿರಿ ಅಂದರೆ ಬ್ಯಾಗು ಬಿಟ್ಟು ಇಳಿಯಿರಿ.

ಕಿಟಕಿ ಪಕ್ಕ ಕೂತವರಿಗೆ

ಕಿಡಿ, ಹೊಗೆ, ಸೋರಿಕೆ ಏನು ಕಂಡರೂ ಕ್ಯಾಬಿನ್ ಸಿಬ್ಬಂದಿಗೆ ಹೇಳಿ. ಮೊಬೈಲಿನಲ್ಲಿ ವಿಡಿಯೊ ಆಮೇಲೆ. ಮುಂದೆ ಮುಖ ಮಾಡಿ ಕೂತಾಗ ಯಾವ ಕಡೆ, ನಿಮ್ಮ ಸೀಟ್ ನಂಬರ್ ಯಾವುದು, ಇದೆರಡು ಹೇಳಿದರೆ ಸಾಕು. ಮೈಕಿನಲ್ಲಿ ಹೇಳಿದ್ದಕ್ಕೂ ನೀವು ಕಂಡಿದ್ದಕ್ಕೂ ತಾಳೆಯಾಗದಿದ್ದರೆ ಸಂಕೋಚ ಬೇಡವೇ ಬೇಡ, ಕೂಗಿ ಕರೆದಾದರೂ ಹೇಳಿ. ಕಾಕ್‌ಪಿಟ್‌ನಿಂದ ಎಂಜಿನ್ ಕಾಣುವುದಿಲ್ಲ. ನಿಮಗೆ ಕಾಣುತ್ತದೆ.

ನೆಲದ ಮೇಲೆ

ಇಲ್ಲಿಂದ ನನ್ನ ಕೆಲಸ ಶುರು. ಮಾವ ಲಾರಿಯ ಡ್ರೈನ್ ಪ್ಲಗ್ ಬಿಚ್ಚಿದಾಗ ಎರಡು ಬೆರಳ ನಡುವೆ ಆಯಿಲ್ ಉಜ್ಜಿ, ಬಿಸಿಲಿಗೆ ಹಿಡಿದು ನೋಡುತ್ತಾರೆ. ಮಿಂಚಿದರೆ ಬೇರಿಂಗ್ ಸವೆಯುತ್ತಿದೆ. ವಿಮಾನದ ಎಂಜಿನ್ನಿನಲ್ಲಿ ಆಯಿಲ್ ದಾರಿಯಲ್ಲಿ ಅಯಸ್ಕಾಂತದ ಪ್ಲಗ್ ಇರುತ್ತದೆ, ಚಿಪ್ ಡಿಟೆಕ್ಟರ್ ಅಂತ. ಅದನ್ನು ತೆಗೆದು ಟಾರ್ಚ್ ಹಿಡಿದರೆ ಬೂದುಬಣ್ಣದ ನುಣುಪು ಕೆಸರು ಕಂಡರೆ ಸಾಮಾನ್ಯ ಸವೆತ, ಉಗುರಿನ ಚೂರಿನಂಥ ಹೊಳೆಯುವ ಪದರ ಕಂಡರೆ ಒಳಗೆ ಯಾವುದೋ ಬೇರಿಂಗ್ ಸಿಪ್ಪೆ ಬಿಡುತ್ತಿದೆ. ಮೊದಲ ಸಲ ಆ ಪದರ ಕಂಡಾಗ ನನಗೆ ಮಾವನ ಬೆರಳೇ ನೆನಪಾಯಿತು. ಆಮೇಲೆ ಬೋರೋಸ್ಕೋಪ್, ಅಂದರೆ ಸಣ್ಣ ಕ್ಯಾಮೆರಾ ಕೊಳವೆಯನ್ನು ಒಳಗೆ ಬಿಟ್ಟು ಬ್ಲೇಡುಗಳನ್ನು ಒಂದೊಂದೇ ತಿರುಗಿಸಿ ನೋಡುವುದು. ಹಕ್ಕಿ ಹೊಡೆದಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತದೆ, ಸುಟ್ಟ ಪುಕ್ಕದ ವಾಸನೆ.

ಸೇರಿದ ಹೊಸದರಲ್ಲಿ ಒಂದು ರಾತ್ರಿ ಎರಡನೇ ಎಂಜಿನ್ನಿನ ಪ್ಲಗ್ ನೋಡಿ ಬಾ ಅಂತ ಕಳಿಸಿದರು. ಎರಡು ಅಂದರೆ ಬಲ. ನಾನು ವಿಮಾನದ ಮೂಗಿನ ಕಡೆಯಿಂದ ನಡೆದು ಹೋದವನು ನನ್ನ ಬಲಕ್ಕೆ ತಿರುಗಿದೆ. ಕೌಲಿಂಗ್‌ನ, ಅಂದರೆ ಎಂಜಿನ್ ಮುಚ್ಚಳದ, ಎರಡು ಲ್ಯಾಚ್ ತೆಗೆದಿದ್ದೆ. ಹಿರಿಯರೊಬ್ಬರು ಬಂದು ಏನೂ ಬೈಯಲಿಲ್ಲ, ಅಲ್ಲಿ ಬರೆದಿದ್ದ 1ರ ಮೇಲೆ ಬೆರಳಿಟ್ಟರು. “ಕ್ಯಾಪ್ಟನ್ ಸೀಟಲ್ಲಿ ಕೂತ್ಕೊಂಡು ಬಲ ಅನ್ನಪ್ಪಾ” ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಲ್ಯಾಚ್ ಮುಟ್ಟುವ ಮೊದಲು ನಂಬರಿನ ಮೇಲೆ ಕೈ ಇಟ್ಟು ಜೋರಾಗಿ ಓದುತ್ತೇನೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ.

ಕೊನೆಯದಾಗಿ ಟೆಕ್ ಲಾಗ್, ಅಂದರೆ ವಿಮಾನದ ದೋಷಗಳನ್ನು ಬರೆದಿಡುವ ಪುಸ್ತಕ. “ಎಂಜಿನ್ ಸರಿಯಿಲ್ಲ, ನೋಡಿ” ಅಂತ ಬರೆದಿದ್ದರೆ ಇಡೀ ರಾತ್ರಿ ಹುಡುಕಬೇಕು. “ಎರಡನೇ ಎಂಜಿನ್, ಏರುವಾಗ, 24,000 ಅಡಿ, ಮೋಡದೊಳಗೆ, ಕಂಪನ ಜಾಸ್ತಿ, ಶಕ್ತಿ ಇಳಿಸಿದಾಗ ಕಡಿಮೆ, ಮೋಡ ದಾಟಿದ ಮೇಲೆ ಸರಿ” ಅಂತ ಇದ್ದರೆ ಫ್ಯಾನಿಗೆ ಹಿಮ ಕಟ್ಟಿತ್ತು ಅನ್ನುವ ಅನುಮಾನದಿಂದಲೇ ಕೆಲಸ ಶುರು ಮಾಡಬಹುದು. ಅದರ ಕೆಳಗೆ ಕ್ಯಾಬಿನ್ ಸಿಬ್ಬಂದಿ ಒಂದು ಸಾಲು ಸೇರಿಸಿದ್ದರೆ, 17ನೇ ಸಾಲಿನ ಬಲ ಕಿಟಕಿಯವರು ಸದ್ದು ಕೇಳಿದ್ದಾರೆ, ಕಿಡಿ ಕಂಡಿಲ್ಲ ಅಂತ, ನಾನು ಟಾರ್ಚ್ ತೆಗೆದುಕೊಂಡು ನೇರ ಫ್ಯಾನ್ ಬ್ಲೇಡುಗಳ ಹತ್ತಿರ ಹೋಗುತ್ತೇನೆ.